ಫಾಸ್ಟರ್ ಮನೆಯ ದೊಡ್ಡ ನಾಯಿಯನ್ನು ಮನೆಗೆ ತರುವುದು ಹೇಗೆ

ಮರಿ ತಂದರೆ ಅದು ಎಷ್ಟು ಬೆಳೆಯುತ್ತದೆ, ಎಂಥ ಸ್ವಭಾವ ಬರುತ್ತದೆ ಎಂಬುದೆಲ್ಲ ಅಂದಾಜು. ಎರಡು-ಮೂರು ವರ್ಷದ ನಾಯಿಯ ವಿಷಯ ಹಾಗಲ್ಲ. ಫಾಸ್ಟರ್ ಮನೆಯವರು, ಅಂದರೆ ಕಾಯಂ ಮನೆ ಸಿಗುವವರೆಗೆ ನಾಯಿಯನ್ನು ತಾತ್ಕಾಲಿಕವಾಗಿ ಸಾಕುವವರು, ಅದನ್ನು ಹಗಲೂ ರಾತ್ರಿ ನೋಡಿರುತ್ತಾರೆ. ಆದ್ದರಿಂದ ಫೋಟೊಗೆ ಮರುಳಾಗುವ ಮೊದಲು ಅವರ ಬಾಯಿ ಬಿಡಿಸಿ. "ನಾಯಿ ಒಳ್ಳೇದಾ?" ಅಂದರೆ "ಅಯ್ಯೋ, ತುಂಬಾ ಪಾಪದ್ದು" ಎಂಬ ಉತ್ತರವೇ ಬರುವುದು. ಒಂಟಿಯಾಗಿ ಎಷ್ಟು ಹೊತ್ತು ಬಿಟ್ಟಿದ್ದೀರಿ, ಆಗ ಏನು ಮಾಡಿತು? ತಿನ್ನುವಾಗ ತಟ್ಟೆ ಹತ್ತಿರ ಹೋದರೆ ಗುರುಗುಟ್ಟುತ್ತದಾ? ಬೆಕ್ಕು, ಚಿಕ್ಕ ಮಕ್ಕಳನ್ನು ಕಂಡರೆ ಹೇಗೆ? ಲಿಫ್ಟ್ ಹತ್ತುತ್ತದಾ? ಉಚ್ಚೆಗೆ ಮಣ್ಣೇ ಬೇಕಾ, ತಾರಸಿಯೂ ಆಗುತ್ತದಾ? ಕೊನೆಯದು ಸಣ್ಣ ಪ್ರಶ್ನೆ ಅಲ್ಲ. ಮಣ್ಣು ರೂಢಿಯಾದ ನಾಯಿ ಟೈಲ್ಸ್ ಮೇಲೆ ಹೋಗದೆ ಗಂಟೆಗಟ್ಟಲೆ ತಡೆದುಕೊಂಡು, ಕೊನೆಗೆ ನಿಮ್ಮ ಕಾಲೊರಸನ್ನೇ ಆರಿಸಿಕೊಳ್ಳುತ್ತದೆ.

ಲಸಿಕೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ. ರೇಬೀಸ್ ಲಸಿಕೆಯ ದಿನಾಂಕ, ಬಾಟಲಿಯ ಸ್ಟಿಕರ್, ವೈದ್ಯರ ಸಹಿ ಮೂರೂ ಇರಬೇಕು. ಡಿಸ್ಟೆಂಪರ್, ಪಾರ್ವೊ, ಲೆಪ್ಟೊ ಲಸಿಕೆಗಳನ್ನೂ ಗಮನಿಸಿ. ಕಿವಿಯ ತುದಿಯಲ್ಲಿ ಕಚ್ಚು ಇದ್ದರೆ ಅದು ಸಾಮಾನ್ಯವಾಗಿ ಹಳೆ ಗಾಯವಲ್ಲ, ಬೀದಿಯಲ್ಲಿದ್ದಾಗಲೇ ಎಬಿಸಿ (ಬೀದಿನಾಯಿಗಳ ಸಂತಾನ ನಿಯಂತ್ರಣ) ಯೋಜನೆಯಲ್ಲಿ ಸಂತಾನಹರಣ ಆಪರೇಷನ್ ಆಗಿರುವ ಗುರುತು. ಬೀದಿಯಿಂದ ಬಂದ ನಾಯಿಗೆ ಉಣ್ಣಿ ಜ್ವರದ (ಟಿಕ್ ಫೀವರ್) ರಕ್ತಪರೀಕ್ಷೆ ಮಾಡಿಸದೆ ಬಿಡಬೇಡಿ. ಆ ಜ್ವರ ತರುವ ಎರ್ಲಿಕಿಯಾ ರೋಗಾಣು ತಿಂಗಳುಗಟ್ಟಲೆ ಒಳಗೇ ಅಡಗಿರಬಹುದು. ಮೇಲೆ ನೋಡಿದರೆ ನಾಯಿ ಚೆನ್ನಾಗಿಯೇ ಇರುತ್ತದೆ, ಪ್ಲೇಟ್‌ಲೆಟ್ ಮಾತ್ರ ಇಳಿದಿರುತ್ತದೆ.

ಈಗ ಮುಖ್ಯ ವಿಷಯ: ಮೊದಲ ದಿನಗಳಲ್ಲಿ ನಾಯಿ ತಪ್ಪಿಸಿಕೊಳ್ಳುವುದು. ನಮ್ಮ ಊರ ನಾಯಿಗಳ ಕತ್ತು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಬಸ್ಸಿನ ಹಾರ್ನಿಗೆ ಬೆಚ್ಚಿದ ನಾಯಿ ಎಷ್ಟೋ ಸಲ ಮುಂದಕ್ಕೆ ಓಡುವುದೇ ಇಲ್ಲ. ನಿಮ್ಮ ಕಡೆ ತಿರುಗಿ, ಮುಂಗಾಲು ಊರಿ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಗಾಬರಿಯಲ್ಲಿ ನೀವೂ ಎಳೆಯುತ್ತೀರಿ. ಬೆಲ್ಟು ಕಿವಿ ದಾಟಿ ಖಾಲಿಯಾಗಿ ಕೈಗೆ ಬರುತ್ತದೆ, ನಾಯಿ ಟ್ರಾಫಿಕ್ಕಿನಲ್ಲಿ. ಆಗ ಎಳೆಯದೆ ನಾಯಿಯ ಕಡೆಗೇ ಎರಡು ಹೆಜ್ಜೆ ಹಾಕಿ ಹಗ್ಗ ಸಡಿಲ ಬಿಡಿ. ಅದಕ್ಕೂ ಮೊದಲು, ಕತ್ತಿನ ಬೆಲ್ಟು ಮತ್ತು ಎದೆಯ ಹಾರ್ನೆಸ್ ಎರಡನ್ನೂ ತೊಡಿಸಿ, ಎರಡಕ್ಕೂ ಲೀಶ್ ಕೊಂಡಿ ಹಾಕಿ. ಬೆಲ್ಟಿನೊಳಗೆ ಎರಡು ಬೆರಳು ಹಿಡಿಸಬೇಕು. ಮೂರು ಸಲೀಸಾಗಿ ಹೋದರೆ ಸಡಿಲ. ಎಳೆದಷ್ಟೂ ಉದ್ದವಾಗುವ ಲೀಶ್ ಬೇಡ, ಐದಾರು ಅಡಿಯ ಗಟ್ಟಿ ನೈಲಾನ್ ಸಾಕು. ನಿಮ್ಮ ನಂಬರಿನ ಬಿಲ್ಲೆಯನ್ನು ಫಾಸ್ಟರ್ ಮನೆಯಲ್ಲೇ ಕಟ್ಟಿ. ಅಷ್ಟಾದರೂ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ. ಫಾಸ್ಟರ್ ಮನೆಯವರನ್ನು ತಕ್ಷಣ ಕರೆಸಿ. ಅದಕ್ಕೆ ಗುರುತಿರುವ ದನಿ ಅವರದು.

ಊಟ ಒಂದು ವಾರ ಅಲ್ಲಿಯದೇ ಇರಲಿ. ಆಮೇಲೆ ಎರಡು-ಮೂರು ದಿನಕ್ಕೊಮ್ಮೆ ಕಾಲು ಭಾಗದಂತೆ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಆಗಬಹುದು. ಬರೀ ಮೊಸರನ್ನ ಸಾಲದು, ಮೊಟ್ಟೆಯೋ ಚಿಕನ್ನೋ ಬೇಕು. ನಿನ್ನೆ ಉಳಿದ ಸಾರು ಸುರಿಯಬೇಡಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಮೊದಲ ದಿನ ತಟ್ಟೆ ಮುಟ್ಟದಿದ್ದರೆ ಕಂಗಾಲಾಗಬೇಡಿ. ಎರಡನೇ ದಿನವೂ ಮುಟ್ಟದಿದ್ದರೆ, ಇಲ್ಲವೇ ಜೊತೆಗೆ ವಾಂತಿ ಇದ್ದರೆ ವೈದ್ಯರಲ್ಲಿಗೆ ಹೋಗಿ.

ನೆಂಟರನ್ನು ಕರೆದು ತೋರಿಸುವುದು, ಬಂದ ದಿನವೇ ಸ್ನಾನ, ಮಾಲ್, ಪಾರ್ಕು ಯಾವುದೂ ಎರಡು ವಾರ ಬೇಡ. ಒಂದು ಮೂಲೆ, ಹಳೆ ಬೆಡ್‌ಶೀಟು, ನೀರು. ಫಾಸ್ಟರ್ ಮನೆಯ ವಾಸನೆಯಿರುವ ಬಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು. ಅದೇ ಹತ್ತಿರ ಬರುವವರೆಗೆ ಯಾರೂ ತಬ್ಬಿಕೊಳ್ಳಕೂಡದು, ಮಕ್ಕಳಂತೂ ಬೇಡವೇ ಬೇಡ. ಗುರುಗುಟ್ಟಿದರೆ ಹೊಡೆಯಬೇಡಿ, ದೂರ ಸರಿಯಿರಿ. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಮೊದಲ ಭೇಟಿ ಬಾಗಿಲಲ್ಲಿ ಬೇಡ. ಹೊರಗೆ, ನಡುವೆ ಹತ್ತಡಿ ಬಿಟ್ಟು ಎರಡನ್ನೂ ಒಂದೇ ದಿಕ್ಕಿಗೆ ನಡೆಸಿ, ಆಮೇಲೆ ಒಟ್ಟಿಗೆ ಒಳಗೆ ಬನ್ನಿ.

ವಾರವಿಡೀ ರಜೆ ಹಾಕಿ ಪಕ್ಕದಲ್ಲೇ ಕೂತು, ಸೋಮವಾರ ಒಂಬತ್ತು ಗಂಟೆ ಬಿಟ್ಟುಹೋಗುವುದು ಪ್ರೀತಿಯಿಂದ ಮಾಡುವ ತಪ್ಪು. ಸಂಜೆ ಬಾಗಿಲ ತುಂಬ ಗೀರು, ಪಕ್ಕದ ಮನೆಯವರ ದೂರು. ಎರಡನೇ ದಿನದಿಂದಲೇ ಐದು ನಿಮಿಷ, ಹದಿನೈದು, ಅರ್ಧ ಗಂಟೆ ಎಂದು ಹೊರಗೆ ಹೋಗಿ ಬನ್ನಿ. ಹೋಗುವಾಗ ಮುದ್ದಾಟ ಬೇಡ.

ಹದಿನೈದು ದಿನದ ಟ್ರಯಲ್ ಎಂದು ಮೊದಲೇ ಬರೆದುಕೊಳ್ಳಿ. ಹೊಂದದಿದ್ದರೆ ನಾಯಿ ವಾಪಸ್ ಹೋಗಬೇಕಾದ್ದು ಫಾಸ್ಟರ್ ಮನೆಗೆ, ಗೇಟಿನಾಚೆಗಾಗಲಿ ಪರಿಚಯದವರ ತೋಟಕ್ಕಾಗಲಿ ಅಲ್ಲ. ಜೊತೆಗೆ ಏನು ತಿಂದಿತು, ಯಾವುದಕ್ಕೆ ಹೆದರಿತು, ಎಷ್ಟು ಹೊತ್ತು ಒಂಟಿ ಇತ್ತು ಎಂದು ಅರ್ಧ ಪುಟ ಬರೆದು ಕೊಡಿ. ಮುಂದೆ ಕೇಳಲು ಬರುವವರಿಗೆ ಅದು ಬೇಕಾಗುತ್ತದೆ.