ಕೊಡಗಿನ ಶೆಡ್ಡಿನಲ್ಲಿ ಒಂದು ಎಂ.ಜಿ. ಟಿ.ಡಿ.: ಹಳೆಯ ಕಾರನ್ನು ಮನೆಯಲ್ಲೇ ಕಟ್ಟಿದ ನನ್ನ ಅನುಭವ

ಎಂ.ಜಿ. ಕಂಪನಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಿಸಿದ ಟಿ.ಡಿ. ಮಾದರಿಯ ಕಾರುಗಳ ಸಂಖ್ಯೆ ಮೂವತ್ತು ಸಾವಿರಕ್ಕಿಂತ ತುಸು ಕಡಿಮೆ, ಮತ್ತು ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ನನಗೆ ಸಿಕ್ಕ ಕಾರು ಸಿದ್ದಾಪುರದ ಕಡೆಯ ಒಂದು ತೋಟದ ಗೊಬ್ಬರದ ಶೆಡ್ಡಿನಲ್ಲಿ ಹಳೆಯ ಗೋಣಿಚೀಲಗಳ ಅಡಿಯಲ್ಲಿತ್ತು. ಎಂಜಿನ್ ತಿರುಗುತ್ತಿರಲಿಲ್ಲ, ಎಡಬಾಗಿಲು ಕಳಚಿಬಿದ್ದಿತ್ತು, ನೆಲದ ಹಲಗೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಆದರೂ ನಾನು ಮೊದಲು ಕೇಳಿದ್ದು ಕಾಗದಪತ್ರಗಳನ್ನು. ನೋಂದಣಿ ಪುಸ್ತಕದಲ್ಲಿದ್ದ ಚಾಸಿ (ಕಾರಿನ ಅಡಿಯ ಚೌಕಟ್ಟು) ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿದ್ದ ಸಂಖ್ಯೆಗಳಿಗೆ ಹೊಂದಿಕೆಯಾದ ಮೇಲೆಯೇ ಬೆಲೆಯ ಮಾತಿಗೆ ಇಳಿದೆ. ಕಬ್ಬಿಣವನ್ನೂ ಮರವನ್ನೂ ಹೊಸದಾಗಿ ಮಾಡಬಹುದು, ದಾಖಲೆಯನ್ನು ಮಾಡಲಾಗದು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ನಿಯಮವನ್ನು ಹಾಕಿಕೊಂಡೆ: ನಾನು ಮಾಡುವ ಯಾವ ಮಾರ್ಪಾಡಾದರೂ ನಾಳೆ ಇನ್ನೊಬ್ಬರು ಬಿಚ್ಚಿ ಮೂಲ ಸ್ಥಿತಿಗೆ ತರಬಹುದಾದದ್ದಾಗಿರಬೇಕು, ಚಾಸಿಯಲ್ಲಿ ಹೊಸ ತೂತು ಕೊರೆಯಬಾರದು, ಯಾವುದನ್ನೂ ಕತ್ತರಿಸಬಾರದು. ಇದರಲ್ಲಿ ಅಭಿರುಚಿಯ ಜೊತೆಗೆ ಕಾನೂನಿನ ಲೆಕ್ಕವೂ ಇತ್ತು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಐವತ್ತು ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದರ ಚಾಸಿ, ಬಾಡಿ, ಎಂಜಿನ್‌ಗಳು ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅದು ಊರ್ಜಿತದಲ್ಲಿರುವುದು ಹತ್ತು ವರ್ಷ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬೇರೆ ಎಂಜಿನ್ ಕೂರಿಸಿದರೆ ಕಾರು ಸಲೀಸಾಗಿ ಓಡುತ್ತದೆ ಎಂದು ಸಲಹೆ ಕೊಟ್ಟವರು ಅನೇಕರು. ಓಡುತ್ತದೆ, ನಿಜ, ಆದರೆ ಅದು ಟಿ.ಡಿ.ಯಾಗಿ ಉಳಿಯುವುದಿಲ್ಲ, ಕಾಗದದಲ್ಲಿಯೂ ಕೂಡ.

ಕೆಲಸದ ಕ್ರಮವನ್ನು ನಿರ್ಧರಿಸಿದ್ದು ಮಳೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ತೇವಾಂಶ ಎಷ್ಟಿರುತ್ತದೆಂದರೆ, ಬೆಳಿಗ್ಗೆ ಉಜ್ಜಿ ಬಿಳಿ ಮಾಡಿದ ತಗಡಿನ ಮೇಲೆ ಸಂಜೆಯೊಳಗೆ ಕಂದು ಛಾಯೆ ಮೂಡುತ್ತದೆ. ಹಾಗಾಗಿ ಮಳೆಗಾಲವನ್ನು ಎಂಜಿನ್, ಗೇರ್‌ಬಾಕ್ಸ್ ಮತ್ತು ವೈರಿಂಗ್ ಕೆಲಸಕ್ಕೂ, ತುಲಾ ಸಂಕ್ರಮಣದ ನಂತರದ ದಿನಗಳನ್ನು ಮರಗೆಲಸಕ್ಕೂ, ಫೆಬ್ರವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ಒಣ ದಿನಗಳನ್ನು ತಗಡು ಮತ್ತು ಬಣ್ಣಕ್ಕೂ ಮೀಸಲಿಟ್ಟೆ. ಆ ಒಣ ದಿನಗಳೇ ರೊಬಸ್ಟಾ ಕೊಯ್ಲಿನ ದಿನಗಳೂ ಆಗಿರುವುದರಿಂದ, ಹಗಲೆಲ್ಲ ಕಣದಲ್ಲಿ ಕಾಫಿ ಹರವಿಸುವುದು, ಸಂಜೆಯ ಮೇಲೆ ಕಾರು ಎಂಬ ಹಂಚಿಕೆ ಮಾಡಿಕೊಳ್ಳದೆ ಗತಿಯಿರಲಿಲ್ಲ.

ಈ ಕಾರಿನ ವಿಷಯದಲ್ಲಿ ಹೆಚ್ಚಿನವರು ತಿಳಿಯದ ಸಂಗತಿಯೆಂದರೆ, ಹೊರಗೆ ಕಾಣುವ ಉಕ್ಕಿನ ತಗಡಿನ ಒಳಗೆ ಇರುವುದು ಮರದ ಚೌಕಟ್ಟು. ಭಾರವನ್ನು ಹೊರುವುದು ಕೆಳಗಿನ ಉಕ್ಕಿನ ಚಾಸಿಯೇ ಆದರೂ, ಬಾಗಿಲು ತೂಗುವುದು, ಡ್ಯಾಶ್‌ಬೋರ್ಡ್ ನಿಲ್ಲುವುದು, ತಗಡನ್ನು ಸುತ್ತಿ ಮೊಳೆ ಹೊಡೆಯುವುದು ಎಲ್ಲವೂ ಮರಕ್ಕೇ. ಕಾರ್ಖಾನೆಯವರು ಬಳಸಿದ್ದು ಆ್ಯಶ್ ಮರ. ಅದು ಬಾಗುತ್ತದೆ, ಪೆಟ್ಟನ್ನು ತಡೆಯುತ್ತದೆ, ಸ್ಕ್ರೂವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ತೇವಕ್ಕೆ ಬೇಗ ಕೊಳೆಯುತ್ತದೆ. ಕೊಡಗಿನಲ್ಲಿ ಹಲವು ಮಳೆಗಾಲ ನಿಂತ ಕಾರಿನಲ್ಲಿ ಅದರ ಗತಿ ಏನಾಗಿತ್ತೆಂದರೆ, ಎಡಭಾಗದ ಬಾಗಿಲಿನ ಕಂಬ ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನಂತೆ ಪುಡಿಯಾಗುತ್ತಿತ್ತು.

ಬಾಡಿಯನ್ನು ಚಾಸಿಯಿಂದ ಎತ್ತುವ ಮುನ್ನ ಎರಡೂ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದೆ. ಹೀಗೆ ಮಾಡದಿದ್ದರೆ ಮರವಿಲ್ಲದ ತಗಡು ಎತ್ತಿದ ಕೂಡಲೇ ಮಡಚಿಕೊಳ್ಳುತ್ತದೆ, ಅಲ್ಲಿಗೆ ಅಳತೆಗಳೆಲ್ಲ ಕೈಬಿಟ್ಟು ಹೋಗುತ್ತವೆ. ಅನಂತರ ಪ್ರತಿಯೊಂದು ಮರದ ತುಂಡನ್ನೂ, ಅದು ಎಷ್ಟೇ ಕೊಳೆತಿರಲಿ, ತೆಳು ಪ್ಲೈವುಡ್ಡಿನ ಮೇಲಿಟ್ಟು ಗೆರೆ ಎಳೆದು ನಮೂನೆ ಕತ್ತರಿಸಿ, ಸ್ಕ್ರೂ ತೂತಿನ ಜಾಗವನ್ನು ಗುರುತಿಸಿದೆ. ಎಡಭಾಗದಲ್ಲಿ ಉಳಿಯದಿದ್ದ ತುಂಡುಗಳಿಗೆ ಬಲಭಾಗದ ನಮೂನೆಯನ್ನೇ ಮಗುಚಿ ಬಳಸಿದೆನಾದರೂ, ಕೈಯಲ್ಲಿ ಕಟ್ಟಿದ ಈ ಬಾಡಿಗಳ ಎಡ ಬಲಗಳು ಸರಿಸಮ ಇರುವುದಿಲ್ಲವಾದ್ದರಿಂದ ಅಂಥ ತುಂಡುಗಳಲ್ಲಿ ತುಸು ಹೆಚ್ಚು ಮರ ಬಿಟ್ಟು, ಕೂರಿಸುವಾಗ ಕೆತ್ತಿ ಹೊಂದಿಸಿಕೊಂಡೆ.

ಆ್ಯಶ್‌ನ ಬದಲಿಗೆ ಯಾವ ಮರ ಎಂಬ ಪ್ರಶ್ನೆ ಬಹಳ ದಿನ ಕಾಡಿತು. ತೋಟದ ತುಂಬ ಸಿಲ್ವರ್ ಓಕ್ ಇರುವಾಗ ಹೊರಗೆ ಹುಡುಕುವುದೇಕೆ ಎಂದು ಮನೆಯವರು ಕೇಳಿದರು. ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿಮಾಡಿಸಿದ ಆ ಮರವು ಹೆಸರಿಗೆ ಮಾತ್ರ ಓಕ್. ಬಾಗಿಲಿನ ಭಾರವನ್ನು ವರ್ಷಗಟ್ಟಲೆ ಹೊರುವ ಸ್ಕ್ರೂವನ್ನು ಅದು ಹಿಡಿದಿಡುತ್ತದೆಂಬ ನಂಬಿಕೆ ನನಗೆ ಬರಲಿಲ್ಲ. ಹೊನ್ನೆಯನ್ನೂ ಯೋಚಿಸಿ, ಕೊನೆಗೆ ವಿರಾಜಪೇಟೆಯ ಬಳಿ ಕೆಡವಿದ ಹಳೆಯ ಮನೆಯೊಂದರ ತೇಗದ ತೊಲೆಗಳನ್ನು ಕೊಂಡೆ. ತೇಗವು ಆ್ಯಶ್‌ನಷ್ಟು ಬಾಗುವುದಿಲ್ಲ, ಅದು ನಿಜವಾದ ಕೊರತೆ. ಆದರೆ ಬೇಗ ಕೊಳೆಯುವುದಿಲ್ಲ, ಗೆದ್ದಲು ಸುಲಭವಾಗಿ ಹಿಡಿಯುವುದಿಲ್ಲ, ಮತ್ತು ದಶಕಗಳ ಕಾಲ ಸೂರಿನಡಿ ಒಣಗಿದ ತೊಲೆ ಮಳೆಗಾಲ ಬೇಸಗೆಗಳ ನಡುವೆ ಹೆಚ್ಚು ಉಬ್ಬಿ ಕುಗ್ಗುವುದಿಲ್ಲ. ಸೀಳಿಸಿದ ಹಲಗೆಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಗಾಳಿಗೆ ಹೊಂದಿಕೊಳ್ಳಲು ಬಿಟ್ಟೆ. ಜುಲೈ ತಿಂಗಳಲ್ಲಿ ಬಿಗಿಯಾಗಿ ಕೂಡಿಸಿದ ಕಚ್ಚು ಫೆಬ್ರವರಿಯಲ್ಲಿ ಸಡಿಲವಾಗುವುದನ್ನು ನಮ್ಮ ಕಿಟಕಿ ಬಾಗಿಲುಗಳಲ್ಲಿ ಯಾರಾದರೂ ನೋಡಬಹುದು.

ಹಿಂಭಾಗದ ಬಾಗಿದ ತುಂಡುಗಳನ್ನು ಒಂದೇ ಹಲಗೆಯಿಂದ ಕತ್ತರಿಸಿದರೆ ಎಳೆಗಳು ಅಡ್ಡಕ್ಕೆ ಸಿಕ್ಕಿ ಮುರಿಯುತ್ತವೆ. ಆದ್ದರಿಂದ ತೇಗವನ್ನು ತೆಳು ಪಟ್ಟಿಗಳಾಗಿ ಸೀಳಿ, ಅಚ್ಚಿನ ಮೇಲೆ ಒಂದರ ಮೇಲೊಂದು ಬಗ್ಗಿಸಿ, ಎಪಾಕ್ಸಿ ಅಂಟು ಹಾಕಿ ಬಿಗಿದೆವು. ತೇಗದಲ್ಲಿರುವ ಎಣ್ಣೆಯ ಅಂಶ ಅಂಟನ್ನು ಹಿಡಿಯಗೊಡುವುದಿಲ್ಲವಾದ್ದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಪ್ರತಿ ಪಟ್ಟಿಯನ್ನೂ ಅಸಿಟೋನ್‌ನಿಂದ ಒರೆಸಬೇಕು. ಈ ಕೆಲಸದಲ್ಲಿ ಜೊತೆಗಿದ್ದ ಗೋಣಿಕೊಪ್ಪಲಿನ ಆಚಾರಿಯವರು ಜೀವಮಾನದಲ್ಲಿ ಕಾರಿನ ಮರಗೆಲಸ ಮಾಡಿದವರಲ್ಲ, ಆದರೆ ಕಚ್ಚು ಹಾಕುವ ಅವರ ಕೈ ನನ್ನ ಪುಸ್ತಕದ ತಿಳಿವಳಿಕೆಗಿಂತ ಎಷ್ಟೋ ಮುಂದಿತ್ತು. ಕಬ್ಬಿಣದ ಸ್ಕ್ರೂ ಇದ್ದಲ್ಲೆಲ್ಲ ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿದೆವು. ಕೊನೆಯ ಅಂಟಿಗೆ ಮುಂಚೆ ಇಡೀ ಚೌಕಟ್ಟನ್ನು ಚಾಸಿಯ ಮೇಲೆ ಕೂರಿಸಿ, ನಾಲ್ಕೂ ಚಕ್ರ ನೆಲದ ಮೇಲಿರುವಂತೆ ನಿಲ್ಲಿಸಿ, ಬಾಗಿಲು ತೂಗುಹಾಕಿ ಸಂದುಗಳನ್ನು ನೋಡಿದೆವು. ಟಿ.ಡಿ.ಯ ಬಾಗಿಲುಗಳು ಹಿಂಬದಿಯ ಕೀಲಿನಿಂದ ತೆರೆದುಕೊಳ್ಳುವಂಥವು. ಬೀಗ ಸರಿಯಾಗಿ ಹಿಡಿಯದೆ ಓಡುವಾಗ ತೆರೆದರೆ ಗಾಳಿ ಅದನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತದೆ, ಆದ್ದರಿಂದ ಇಲ್ಲಿ ಅವಸರ ಸಲ್ಲದು.

ಎಂಜಿನ್ ಇಷ್ಟು ಕಾಡಲಿಲ್ಲ. ಎಕ್ಸ್‌ಪಿಎಜಿ ಎಂದು ಹೆಸರಾದ ಈ 1250 ಸಿಸಿ ಎಂಜಿನ್ನಿನ ವಿಚಿತ್ರವೆಂದರೆ ಅದರ ಬೋಲ್ಟುಗಳ ಮರೆ (ತಿರುಪಿನ ಸುರುಳಿ) ಮೆಟ್ರಿಕ್, ತಲೆ ಮಾತ್ರ ಹಳೆಯ ಬ್ರಿಟಿಷ್ ವಿಟ್‌ವರ್ತ್ ಅಳತೆಯದು. ಕೊವೆಂಟ್ರಿಯ ಎಂಜಿನ್ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿದ್ದು, ಎಂ.ಜಿ.ಯ ಮಾತೃಸಂಸ್ಥೆಯಾದ ಮಾರಿಸ್‌ನವರು 1923ರಲ್ಲಿ ಅದನ್ನು ಕೊಂಡಾಗ ಹಳೆಯ ಯಂತ್ರಗಳೂ ಅಳತೆಗಳೂ ಜೊತೆಗೇ ಬಂದದ್ದರ ಫಲವಿದು. ಇಂದಿನ ಅಂಗಡಿಗಳಲ್ಲಿ ಸಿಗದ ವಿಟ್‌ವರ್ತ್ ಸ್ಪ್ಯಾನರುಗಳು ನನಗೆ ಸಿಕ್ಕಿದ್ದು ನಮ್ಮದೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶೆಡ್ಡಿನ ಪೆಟ್ಟಿಗೆಯಲ್ಲಿ. ಹಿಂದೆ ಪಲ್ಪರ್ ತಿರುಗಿಸುತ್ತಿದ್ದ ಹಳೆಯ ಡೀಸೆಲ್ ಎಂಜಿನ್ನಿಗೆಂದು ತಂದಿಟ್ಟವು. ಸಿಲಿಂಡರಿನ ಬೋರಿಂಗ್, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಗ್ರೈಂಡಿಂಗ್‌ಗಳನ್ನು ಮೈಸೂರಿನ ವರ್ಕ್‌ಶಾಪಿನಲ್ಲಿ ಮಾಡಿಸಿ, ಅಲ್ಲಿಯೇ ಹೆಡ್ಡಿಗೆ ಗಟ್ಟಿ ಉಕ್ಕಿನ ವಾಲ್ವ್ ಸೀಟುಗಳನ್ನು ಕೂರಿಸಿದೆ. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ, ಸೀಸದ ಆಸರೆಯಿಲ್ಲದೆ ಹಳೆಯ ಎರಕದ ಸೀಟುಗಳು ಸವೆಯುತ್ತವೆ. ವಾಲ್ವ್ ಸಂದು ಹೊಂದಿಸುವವರು ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಯಾವುದೆಂದು ಮೊದಲು ನೋಡಬೇಕು: ಆರಂಭದ ಕ್ಯಾಮಿಗೆ 0.019 ಇಂಚು, ಕೊನೆಯ ಕಾರುಗಳದಕ್ಕೆ 0.012. ಕ್ರ್ಯಾಂಕಿನ ಹಿಂತುದಿಯಲ್ಲಿ ಈ ಎಂಜಿನ್ನಿಗೆ ಎಣ್ಣೆ ತಡೆಯುವ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಎಂಜಿನ್ನಿನೊಳಕ್ಕೆ ಮರಳಿ ತಳ್ಳುವ ಸುರುಳಿ ಕೊರೆತ ಮಾತ್ರ. ಅದು ಸೋರುತ್ತದೆ. ಸೀಲ್ ಕೂರಿಸುವ ಉಪಾಯಗಳಿವೆಯಾದರೂ ನಾನು ಕೆಳಗೊಂದು ತಟ್ಟೆ ಇಟ್ಟು ಸುಮ್ಮನಾದೆ.

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರಿನ ಮಾತು ಬೇರೆ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗೆ ಮಾಡಿ ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಪೆಟ್ರೋಲ್ ಚಿಮ್ಮಿಸುವ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎರಡೂ ಎಸ್.ಯು. ಕಾರ್ಬುರೇಟರುಗಳ ಕಾರ್ಕ್ ಸೀಲುಗಳನ್ನು ತೆಗೆದು ಎಥನಾಲ್ ತಡೆಯುವ ಸಿಂಥೆಟಿಕ್ ಸೀಲ್ ಹಾಕಿ, ಪೈಪುಗಳನ್ನೆಲ್ಲ ಬದಲಿಸಿ, ಜೆಟ್ಟನ್ನು ತುಸು ಕೆಳಗಿಳಿಸಿ ಮಿಶ್ರಣವನ್ನು ದಟ್ಟ ಮಾಡಿದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಬರಿದು ಮಾಡುವುದನ್ನು ಈಗ ತಪ್ಪಿಸುವುದಿಲ್ಲ. ರೇಡಿಯೇಟರ್ ಒತ್ತಡವಿಲ್ಲದ ಹಳೆಯ ಬಗೆಯದು, ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಹಾಕುವ ಬದಲು ಒಳಗಿನ ಜಾಲವನ್ನೇ ಹೊಸದು ಮಾಡಿಸಿದ್ದು ಸಾಕಾಯಿತು.

ಸಲೀಸಾಗಿ ಹಿಂದಿರುಗಿಸಬಹುದಾದ ಮಾರ್ಪಾಡುಗಳಿಗೆ ಹೆಚ್ಚು ಅವಕಾಶವಿದ್ದದ್ದು ವಿದ್ಯುತ್ತಿನಲ್ಲಿ. ಕಾರು ಪಾಸಿಟಿವ್ ಅರ್ಥ್‌ನದು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವಂಥದು. ಎಲ್‌ಇಡಿ ಬಲ್ಬುಗಳಿಗೆ ಇದು ಹೊಂದದ ಕಾರಣ ಬ್ಯಾಟರಿಯನ್ನು ತಿರುಗಿಸಿ, ಕಾಯಿಲ್ ಮತ್ತು ಆಮ್ಮೀಟರಿನ ತಂತಿಗಳನ್ನು ಅದಲುಬದಲು ಮಾಡಿ, ಡೈನಮೊದ ಎಫ್ ತುದಿಯ ತಂತಿ ಬಿಚ್ಚಿ ಆ ತುದಿಗೆ ಬ್ಯಾಟರಿಯಿಂದ ಕ್ಷಣಮಾತ್ರ ಕರೆಂಟ್ ಮುಟ್ಟಿಸಿ ಧ್ರುವ ಬದಲಿಸಿದೆ. ಕಾರ್ಖಾನೆ ಕೊಟ್ಟಿದ್ದು ಎರಡೇ ಫ್ಯೂಸ್. ಆಸನದ ಹಿಂದೆ ಕಾಣದಂತೆ ರಿಲೇ ಮತ್ತು ಫ್ಯೂಸುಗಳ ಸಣ್ಣ ಪೆಟ್ಟಿಗೆ ಇಟ್ಟು, ಇಂಡಿಕೇಟರನ್ನು ಸೈಡ್‌ಲ್ಯಾಂಪಿನೊಳಗೇ ಸೇರಿಸಿದೆ. ಮಂಜು ಕವಿದಾಗ ಹಿಂದಿನ ಲಾರಿಯವನಿಗೆ ಕಾಣದ ಮೂಲ ದೀಪವನ್ನು ಚರಿತ್ರೆಯ ಹೆಸರಿನಲ್ಲಿ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬ್ರೇಕು ನಾಲ್ಕೂ ಡ್ರಮ್ಮು, ಒಂದೇ ಹೈಡ್ರಾಲಿಕ್ ಸರ್ಕಿಟ್. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಮುಂದಕ್ಕೆ ಡಿಸ್ಕ್ ಹಾಕುವವರಿದ್ದಾರೆ, ನಾನು ಸಿಲಿಂಡರುಗಳಿಗೆ ಸ್ಟೀಲ್ ಸ್ಲೀವ್ ಹಾಕಿಸಿ ಪೈಪುಗಳನ್ನೆಲ್ಲ ಹೊಸದು ಮಾಡಿದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವ ಕಾರಣ ಡ್ರಮ್ಮಿನ ಧೂಳನ್ನು ಗಾಳಿಯಲ್ಲಿ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಂಪಾಜೆಯ ಇಳಿಜಾರಿನಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಯುತ್ತೇನೆ. ಫಸ್ಟ್ ಗೇರಿಗೆ ಸಿಂಕ್ರೊ (ಗೇರು ಬೀಳುವಾಗ ವೇಗಗಳನ್ನು ತಾನೇ ಹೊಂದಿಸುವ ಏರ್ಪಾಡು) ಇಲ್ಲದ್ದರಿಂದ ಏರುದಾರಿಯ ತಿರುವಿನಲ್ಲಿ ಕ್ಲಚ್ಚನ್ನು ಎರಡು ಸಲ ಒತ್ತುವ ಅಭ್ಯಾಸ ಬೇಕು.

ತಗಡಿನ ತುಕ್ಕನ್ನು ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಹಚ್ಚಿ ಬಿಡಿಸಿದೆ. ಕೊಡಗಿನ ಅಡುಗೆಯ ಹುಳಿರಸವಾದ ಕಾಚಂಪುಳಿಯಲ್ಲಿ ನೆನೆಸಿದರೆ ಸಾಲದೇ ಎಂದು ನಕ್ಕವರೂ ಉಂಟು. ನೀರಿನಲ್ಲಿ ಚಾರ್ಜರಿನ ಪಾಸಿಟಿವ್ ತುದಿಗೆ ಕಟ್ಟಿ ತಗಡಿನ ಎದುರು ಇಡುವ ಲೋಹ ಸಾದಾ ಕಬ್ಬಿಣವಾಗಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೊಮ್ಮುವ ಹೈಡ್ರೋಜನ್ ಹೊತ್ತಿಕೊಳ್ಳುವಂಥದಾದ್ದರಿಂದ ಶೆಡ್ಡಿನ ಬಾಗಿಲು ತೆರೆದಿರಬೇಕು. ಬರಿ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್, ಪುಟ್ಟಿ ಅದರ ಮೇಲೆ. ಪುಟ್ಟಿ ತೇವ ಹೀರುವುದರಿಂದ ಅದನ್ನು ಬಣ್ಣವಿಲ್ಲದೆ ಒಂದು ಮಳೆಗಾಲ ದಾಟಿಸುವಂತಿಲ್ಲ. ಕೊನೆಯ ಬಣ್ಣ ಮನೆಯಲ್ಲಿ ಹೊಡೆಯಲಿಲ್ಲ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಮುಖಗವಸಿಗೆ ಹೊರಗಿನ ಶುದ್ಧ ಗಾಳಿ ಕೊಡುವ ಏರ್ಪಾಡು ನನ್ನಲ್ಲಿಲ್ಲ. ಮೈಸೂರಿನ ಪೇಂಟ್ ಬೂತಿಗೆ ಒಯ್ದೆ.

ಹಿಂದಿನ ಆ್ಯಕ್ಸಲನ್ನು ಮಾತ್ರ ಮುಟ್ಟಿಲ್ಲ. ಅದರ ಅನುಪಾತ 5.125ಕ್ಕೆ 1, ಅಂದರೆ ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಐದಕ್ಕಿಂತ ತುಸು ಹೆಚ್ಚು ಸುತ್ತು ತಿರುಗಬೇಕು. ಆ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತದೆ. ಹೆದ್ದಾರಿಯಲ್ಲಿ ಓಡಿಸುವ ಪರದೇಶದ ಮಾಲೀಕರು ಅದೇ ಕಂಪನಿಯ ಎಂ.ಜಿ.ಎ. ಕಾರಿನ 4.3 ಅನುಪಾತದ ಗೇರುಗಳನ್ನು ಹಾಕಿ ಎಂಜಿನ್ನಿಗೆ ವಿಶ್ರಾಂತಿ ಕೊಡುತ್ತಾರೆ. ನನ್ನ ಕಾರು ಓಡುವ ಅಮ್ಮತ್ತಿ, ಪೊಲ್ಲಿಬೆಟ್ಟದ ತೋಟದ ರಸ್ತೆಗಳಲ್ಲಿ 60 ಮುಟ್ಟುವುದೇ ಅಪರೂಪ. ಏರು ಬಂದಾಗ ಥರ್ಡ್ ಗೇರಿನಲ್ಲೇ ಹತ್ತುವ ಬಲ ಈ ಕಡಿಮೆ ಗೇರಿಂಗಿನಿಂದಲೇ ಬಂದಿರುವಾಗ, ಬದಲಾಯಿಸಿ ಪಡೆಯುವುದು ಏನೂ ಇಲ್ಲ.