ಚೀಸ್ ಫಾಂಡ್ಯೂ ಒಡೆಯದಿರಲು ನಿಂಬೆರಸ
ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಚಳಿಗಾಲದ ಸಂಜೆ ಎಲ್ಲರೂ ಒಂದೇ ಪಾತ್ರೆಯ ಸುತ್ತ ಕುಳಿತು, ಉದ್ದನೆಯ ಫೋರ್ಕಿಗೆ ಸಿಕ್ಕಿಸಿದ ಬ್ರೆಡ್ಡನ್ನು ಅದ್ದಿ ತಿನ್ನುವ ಚೀಸ್ ಫಾಂಡ್ಯೂ ಗಂಟುಗಟ್ಟದೆ ನುಣುಪಾಗಿರಬೇಕಾದರೆ, ತುರಿದ ಚೀಸಿಗೆ ಮೊದಲೇ ಕಾರ್ನ್‌ಫ್ಲೋರ್ ಸವರಿ, ಬಿಸಿ ಬಿಳಿ ವೈನಿಗೆ ಒಂದು ಚಿಕ್ಕ ಚಮಚ ನಿಂಬೆರಸ ಬೆರೆಸಿದ ನಂತರ ಸ್ವಲ್ಪಸ್ವಲ್ಪವಾಗಿ ಹಾಕುತ್ತ ತಿರುವಬೇಕು. ನಾಲ್ವರಿಗೆ 800 ಗ್ರಾಂ ಚೀಸ್, ಸುಮಾರು 350 ಮಿ.ಲೀ. ವೈನ್ ಮತ್ತು 3 ಚಿಕ್ಕ ಚಮಚ ಕಾರ್ನ್‌ಫ್ಲೋರ್ ಸಾಕು. ಚೀಸಿನ ಪ್ರೋಟೀನ್‌ಗಳನ್ನು ಪರಸ್ಪರ ಬಿಗಿಹಿಡಿದಿರುವ ಕ್ಯಾಲ್ಸಿಯಂ ಅನ್ನು ವೈನ್ ಮತ್ತು ನಿಂಬೆಯ ಆಮ್ಲಗಳು ಸೆಳೆದುಕೊಳ್ಳುವುದರಿಂದ ಪ್ರೋಟೀನ್‌ಗಳು ಸಡಿಲಗೊಂಡು ಕೊಬ್ಬನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಅವು ಮತ್ತೆ ಮುದ್ದೆಯಾಗದಂತೆ ಪಿಷ್ಟವು ತಡೆಯುತ್ತದೆ. ಆದರೆ ಮಿಶ್ರಣ ಕುದಿದರೆ ಈ ಉಪಾಯ ಫಲಿಸದು, ಮೊಝರೆಲ್ಲಾದಂಥ ಎಳೆಯ ಚೀಸಿನಲ್ಲಂತೂ ಎಳೆ ಬರುವುದು ತಪ್ಪುವುದಿಲ್ಲ. ಗ್ರುಯೇರಿನಂತೆ ತಿಂಗಳುಗಟ್ಟಲೆ ಹದಗೊಂಡ ಚೀಸೇ ಬೇಕು. ವೈನ್ ಬಳಸದವರು ಸಿಹಿ ಬೆರೆಸದ ಸೇಬಿನ ರಸ ಹಾಕಬಹುದು, ರುಚಿ ಬೇರೆಯಾಗುತ್ತದೆ, ನಿಂಬೆರಸವನ್ನೂ ತುಸು ಹೆಚ್ಚಿಸಬೇಕಾಗುತ್ತದೆ. ಬ್ರೆಡ್ ತುಂಡುಗಳಿಗೆ ಒಂದು ಬದಿಯಲ್ಲಾದರೂ ಗಟ್ಟಿ ಹೊರಪದರವಿರಲಿ, ಏಕೆಂದರೆ ಪಾತ್ರೆಯಲ್ಲಿ ಬ್ರೆಡ್ ಬೀಳಿಸಿದವರಿಗೆ ಅಲ್ಲಿ ತಮಾಷೆಯ ದಂಡ ಹಾಕುವ ವಾಡಿಕೆಯಿದೆ. ತಳದಲ್ಲಿ ಹೊಂಬಣ್ಣಕ್ಕೆ ತಿರುಗಿದ ಸೀಕನ್ನು ಎಸೆಯದೆ, ಕೆರೆದು ಎಲ್ಲರಿಗೂ ಹಂಚಬೇಕು.