ಓಪನ್‌ಕ್ಯೂಎಮ್‌ನಲ್ಲಿ ಕೋಲನ್ ಪ್ರಾಂಪ್ಟಿನ ಬಾಗಿಲು ಮುಚ್ಚಿದ್ದು: ನನ್ನ ಅನುಭವ

ಓಪನ್‌ಕ್ಯೂಎಮ್ ಒಂದು ಡೇಟಾಬೇಸ್, ಕೋಲನ್ ಪ್ರಾಂಪ್ಟ್ ಅಂದರೆ ಅದರಲ್ಲಿ ನೇರವಾಗಿ ಕಮಾಂಡ್ ಹೊಡೆಯುವ ಜಾಗ. ಗೋದಾಮಿನ ಹುಡುಗ ಬಿಲ್ಲಿಂಗ್ ಮಧ್ಯೆ ಕಂಟ್ರೋಲ್-ಸಿ ಒತ್ತಿದ, ಆಮೇಲೆ ಎ (ಅಬಾರ್ಟ್, ಅಂದರೆ ಓಡುತ್ತಿರುವ ಪ್ರೋಗ್ರಾಮ್ ಕೈಬಿಡು) ಒತ್ತಿದ, ಕೋಲನ್ ಪ್ರಾಂಪ್ಟ್ ಬಂತು. ಅಲ್ಲಿ ಫೈಲ್ ಖಾಲಿ ಮಾಡುವ ಕ್ಲಿಯರ್.ಫೈಲ್ ಕಮಾಂಡ್ ಹೊಡೆದುಬಿಟ್ಟ. ಸ್ಟಾಕ್ ಫೈಲ್ ಖಾಲಿ. ಬ್ಯಾಕಪ್ಪಿನಿಂದ ಎತ್ತಲು 2 ದಿನ, ಬಿಲ್ಲಾಗದೆ ನಿಂತ ಮಾಲು ಸುಮಾರು 3 ಲಕ್ಷದ್ದು. "ಇದಕ್ಕೆ ಭದ್ರತೆಯೇ ಇಲ್ಲ, ಎಸ್‌ಕ್ಯೂಎಲ್‌ಗೆ ಹೋಗಿ" ಅಂದರು ಎಲ್ಲರೂ. ಆ ಕೊಟೇಶನ್ 6 ಲಕ್ಷದ ಹತ್ತಿರ ಇತ್ತು. ನಾನು ಅದೇ ಅಕೌಂಟನ್ನು (ಫೈಲು, ಕಮಾಂಡುಗಳೆಲ್ಲ ಒಟ್ಟಿಗಿರುವ ಜಾಗ) 12 ದಿನದಲ್ಲಿ ಬಿಗಿ ಮಾಡಿದೆ, 30 ಸಾವಿರ ಚಿಲ್ಲರೆಯಲ್ಲಿ.

ಮೊದಲು ಲಾಗಿನ್ ಪ್ಯಾರಾಗ್ರಾಫಿನ (ಒಳಗೆ ಬಂದ ಕೂಡಲೇ ತಾನೇ ಓಡುವ ಕಮಾಂಡುಗಳ ಪಟ್ಟಿ) ಕೊನೆಗೆ ಮೆನು ಹಾಕಿದೆ. ಕಂಟ್ರೋಲ್-ಸಿ ಕೆಲಸ ಮಾಡದಂತೆ ತಡೆಯುವ ಬ್ರೇಕ್ ಆಫ್ 5ನೇ ಸಾಲಿನಲ್ಲಿತ್ತು. ಕೈ ಚುರುಕಿದ್ದವರು ಅಷ್ಟರೊಳಗೇ ತಪ್ಪಿಸಿಕೊಂಡರು! ಕೊನೆಗೆ ಬ್ರೇಕ್ ಆಫನ್ನು ಕ್ಯೂಎಮ್‌ಸಿಸ್ ಎಂಬ ಸಿಸ್ಟಮ್ ಅಕೌಂಟಿನ ಮಾಸ್ಟರ್.ಲಾಗಿನ್‌ಗೆ ಒಯ್ದೆ, ಅದು ಎಲ್ಲಕ್ಕಿಂತ ಮುಂಚೆ ಓಡುತ್ತದೆ ಅಲ್ವಾ. ಜೊತೆಗೆ ಆಪ್ಶನ್ ನೋ.ಯೂಸರ್.ಅಬಾರ್ಟ್ಸ್, ಆ ಎ ಆಯ್ಕೆಯನ್ನೇ ತೆಗೆಯಲು.

ಪ್ರೋಗ್ರಾಮ್ ಅಬಾರ್ಟ್ ಆದಾಗ ಓಡುವ ಆನ್.ಅಬಾರ್ಟ್‌ನಲ್ಲಿ ಮೊದಲು ಮೆನುವನ್ನೇ ಕರೆದಿದ್ದೆ. ಮೆನು ಪ್ರೋಗ್ರಾಮೇ ಬಿದ್ದಾಗ ಮತ್ತೆ ಮೆನು, ಮತ್ತೆ ಬೀಳುವುದು. ಈಗ ಅಲ್ಲಿ ಬರೀ ಕ್ವಿಟ್ (ಸೆಶನ್ ಮುಗಿಸು) ಇದೆ.

ನಿಜವಾಗಿ ನೋವು ಕೊಟ್ಟಿದ್ದು ಫ್ಯಾಂಟಮ್, ಅಂದರೆ ತೆರೆಯ ಮುಂದೆ ಯಾರೂ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಕೆಲಸ. ರಾತ್ರಿಯ ಬಾಕಿ ಪಟ್ಟಿಯ ಕೆಲಸವೂ ಲಾಗಿನ್ ಪ್ಯಾರಾಗ್ರಾಫ್ ದಾಟಿಯೇ ಹೋಗುತ್ತದೆ. ಮೆನು ಉತ್ತರ ಕೇಳಿತು, ಕೊಡುವವರಿಲ್ಲ, ಕೆಲಸ ಸತ್ತಿತು. 4 ರಾತ್ರಿ ಗೊತ್ತೇ ಆಗಲಿಲ್ಲ. ಟಿಟಿವೈ (ಸೆಶನ್ ಯಾವ ಬಗೆಯದು ಎಂದು ಹೇಳುವ ಬೆಲೆ) ಫ್ಯಾಂಟಮ್ ಆಗಿದ್ದರೆ ಮೆನು ಬಿಟ್ಟು ಹೋಗು ಅಂತ ಒಂದು ಸಾಲು ಸೇರಿಸಿದೆ, ಸರಿಹೋಯಿತು.

ಕ್ಲಿಯರ್.ಫೈಲ್, ಡಿಲೀಟ್, ಇಡಿ, ಎಸ್‌ಎಚ್ ಇವನ್ನೆಲ್ಲ ವಿಒಸಿಯಿಂದ (ಅಕೌಂಟಿನ ಕಮಾಂಡುಗಳ ಹೆಸರಿರುವ ಫೈಲು) ಬೇರೆ ಫೈಲಿಗೆ ಸಾಗಿಸಿ, ಅವುಗಳ ಜಾಗದಲ್ಲಿ ಅಲ್ಲಿಗೆ ಬೊಟ್ಟು ಮಾಡುವ ಆರ್ ಮಾದರಿಯ ದಾಖಲೆ ಇಟ್ಟೆ. 4ನೇ ಫೀಲ್ಡಿನಲ್ಲಿ ಸೆಕ್ಯುರಿಟಿ ಸಬ್‌ರುಟೀನ್, ಕಮಾಂಡನ್ನು ಬಿಡಬೇಕೋ ಬೇಡವೋ ಎಂದು ನಿರ್ಧರಿಸುವ ಚಿಕ್ಕ ಪ್ರೋಗ್ರಾಮ್. ಅದು ಲಾಗ್‌ನೇಮ್ (ಬಳಕೆದಾರರ ಹೆಸರು) ನೋಡುತ್ತದೆ, ಇನ್ನೂ ಒಂದು ವಿಷಯ ನೋಡುತ್ತದೆ. ಅದು ಯಾವುದು ಅಂತ ನನ್ನ ಹತ್ತಿರವೇ ಇರಲಿ. ಎಸ್‌ಎಚ್ ಮರೆಯಬೇಡಿ, ಅದು ನೇರ ಲಿನಕ್ಸ್ ಶೆಲ್ಲಿಗೆ ದಾರಿ.

ಸುಮ್ನೆ ಕುತೂಹಲಕ್ಕೆ 4243 ಪೋರ್ಟಿನಿಂದ ಕ್ಯೂಎಮ್‌ಕ್ಲೈಂಟ್‌ನಲ್ಲಿ (ಹೊರಗಿನ ಪ್ರೋಗ್ರಾಮುಗಳು ಡೇಟಾಬೇಸಿಗೆ ಸೇರುವ ದಾರಿ) ಸೇರಿ ನೋಡಿದೆ. ಮೆನುವಿನ ಗೊಡವೆಯೇ ಇಲ್ಲದೆ ಎಲ್ಲ ಫೈಲೂ ತೆರೆದವು. ಎದೆ ಧಸಕ್ಕೆಂದಿತು. ಕಾನ್ಫಿಗ್‌ನಲ್ಲಿ ಕ್ಯೂಎಮ್‌ಕ್ಲೈಂಟ್ ಬೆಲೆ 0 (ಯಾವ ತಡೆಯೂ ಇಲ್ಲ) ಇತ್ತು, 2 ಮಾಡಿದೆ. ಈಗ ಡಾಲರ್ ಕ್ಯೂಎಮ್‌ಕಾಲ್ ಸಾಲು ಹಾಕಿ ಕಂಪೈಲ್ ಮಾಡಿದ ಸಬ್‌ರುಟೀನ್ ಮಾತ್ರ ಹೊರಗಿನಿಂದ ಓಡುತ್ತವೆ. ಹಾಗೆ ಕಂಪೈಲ್ ಮಾಡಬೇಕಾದವು 14 ಇದ್ದವೇನೋ, ಒಂದು ಮಧ್ಯಾಹ್ನದ ಕೆಲಸ.

ಇದನ್ನೆಲ್ಲ ಮಾಡುವಾಗ ಇನ್ನೊಂದು ಸೆಶನ್ ತೆರೆದೇ ಇಟ್ಟುಕೊಳ್ಳಿ. ನಾನು ಎರಡು ಸಲ ಹೊರಗೆ ಸಿಕ್ಕಿಹಾಕಿಕೊಂಡೆ.

ಕೊನೆಯ ದಿನ ಮಾಲೀಕರೇ ಕೂತು ಒಂದು ಗಂಟೆ ಕೀಲಿ ಒತ್ತಿದರು. ಕೋಲನ್ ಬರಲಿಲ್ಲ. ಅಲ್ಲೇ ಚೆಕ್ ಬರೆದರು.